ಎರಡು ಕಿಲೋ ಮುನ್ನೂರು

ಜೂನಿನಲ್ಲಿ ಪಂಚಾಯತಿನಿಂದ ನಾಲ್ಕು ಬುಟ್ಟಿ ಬಂದವು.
ಮೈತುಂಬ ಮಲಯಾಳ.
ಕನ್ನಡದಲ್ಲೂ ಒಂದೊಂದು ಚೀಟಿ ಅಂಟಿಸಿ ಟೀಚರೇ, ಅಂದರು ಹೆಡ್‌ಮಾಷ್ಟ್ರು,
ನಿಮ್ಮ ಮಕ್ಕಳಿಗೂ ತಿಳಿಯಲಿ.

ಜೈವ, ಅಜೈವ. ಬರೆದೆ. ಗೋಂದು ಹಚ್ಚಿದೆ.
ಅಜೈವ ಅಂದರೆ ಸತ್ತದ್ದಾ ಟೀಚರ್?
ಎಂಟನೆಯ ಮುನವ್ವರ್, ಕೈಯಲ್ಲಿ ಸಿಪ್ಪಪ್ಪಿನ ತೊಟ್ಟೆ.
ಅಲ್ಲ ಮಾರಾಯ,
ಸಾಯದ್ದು.

ಹಿಂದೆಲ್ಲ ಶುಕ್ರವಾರ ಲಾಂಗ್ ಬೆಲ್ ಆದ ಮೇಲೆ
ಗೇರುಮರದ ಬುಡದಲ್ಲಿ ಬೆಂಕಿ ಕೊಡುತ್ತಿದ್ದೆವು.
ನಾನೂ ಕೊಟ್ಟಿದ್ದೇನೆ, ಸೆರಗು ಮೂಗಿಗೆ ಒತ್ತಿ.
ಹೊಗೆ ಮೊದಲು ಒಂಬತ್ತನೆಯ ತರಗತಿಯ ಕಿಟಕಿಗೆ,
ಆಮೇಲೆ ಉಪ್ಪಳದ ಕಡೆಗೆ.
ಈಗಲೂ ಅಲ್ಲಿ ಒಂದು ಚಾಪೆಯಷ್ಟು ಜಾಗದಲ್ಲಿ ಹುಲ್ಲು ಬರುವುದಿಲ್ಲ.
ಮಕ್ಕಳಿಗೆ ಗೋಲಿಯಾಟಕ್ಕೆ ಅನುಕೂಲ.

ಮೊಟ್ಟೆಯ ಚಿಪ್ಪು ಯಾವ ಬುಟ್ಟಿಗೆ ಎಂದು
ಎರಡು ಬುಧವಾರ ಜಗಳ.
ಅಡಿಗೆಯ ಸುಶೀಲಕ್ಕ ಬಂದು, ನನ್ನ ಬದನೆಯ ಬುಡಕ್ಕೆ ಬೇಕು ಎಂದು
ಸೆರಗಿಗೆ ಕಟ್ಟಿಕೊಂಡು ಹೋದಳು. ತೀರ್ಪು.

ನಾಲ್ಕನೆಯದು ಪೆನ್ನಿನ ಡಬ್ಬಿ.
ಬರೆದು ಮುಗಿದ ಪೆನ್ನು ಇದಕ್ಕೇ, ತೋಡಿಗಲ್ಲ, ಬಾವಿಗಲ್ಲ.
ರೆನಿಟಾ ಕ್ರಾಸ್ತಾ ಹಾಕುವ ಮೊದಲು ಅಂಗೈಯಲ್ಲಿ ಗೀಚಿ ನೋಡುತ್ತಾಳೆ,
ಜೀವ ಇದೆಯೋ ಎಂದು.
ತಿಂಗಳಿಗೊಮ್ಮೆ ಹಸಿರು ಕೋಟಿನ ಮಿಸ್ರಿಯಾ ಬರುತ್ತಾಳೆ,
ಕೊಕ್ಕೆಯ ತಕ್ಕಡಿಗೆ ಚೀಲ ತೂಗಿಹಾಕಿ
ಎರಡು ಕಿಲೋ ಮುನ್ನೂರು, ಎನ್ನುತ್ತಾಳೆ.
ನಾನು ಸಹಿ ಹಾಕುತ್ತೇನೆ.

ಇದರಲ್ಲಿ ಕನ್ನಡದ್ದೆಷ್ಟು ಎಂದು ಕೇಳಬೇಕೆನಿಸಿತು ಒಮ್ಮೆ.
ಎಂಟರಲ್ಲಿ ನಮ್ಮವರು ಹನ್ನೊಂದು, ಒಂಬತ್ತರಲ್ಲಿ ಏಳು.
ಬರುವ ವರ್ಷ ಡಿವಿಷನ್ ಉಳಿಯುತ್ತದೋ ಎಂದು
ಸ್ಟಾಫ್‌ರೂಮಿನಲ್ಲಿ ಯಾರೂ ನನ್ನೆದುರು ಮಾತಾಡುವುದಿಲ್ಲ.
ಕೇಳಲಿಲ್ಲ.
ಮಿಸ್ರಿಯಾಳ ರಿಜಿಸ್ಟರಿನಲ್ಲಿ ಅದಕ್ಕೆ ಕಲಂ ಇಲ್ಲ.

ಆಟಿಯ ಮಳೆಗೆ ನನ್ನ ಚೀಟಿಗಳು ಕರಗಿದವು.
ಮಲಯಾಳದ್ದು ಅಚ್ಚಿನದು, ಹಾಗೆಯೇ ಇದೆ.
ಇನ್ನೊಮ್ಮೆ ಬರೆಯೋಣವೆಂದು ಹೋದರೆ
ಯಾರೋ ಆಗಲೇ ಬರೆದಿದ್ದಾರೆ, ಬುಟ್ಟಿಯ ಮೈಗೇ,
ಒತ್ತಿ ಒತ್ತಿ, ಕೊನೆಯ ಕೊಂಬು ಸ್ವಲ್ಪ ಸೊಟ್ಟ:
ಸಾಯದ್ದು.

ಒಳಗೆ ಮೂರು ತೊಟ್ಟೆ, ಒಂದು ಹವಾಯಿ ಚಪ್ಪಲಿ,
ಮುಚ್ಚಳವಿಲ್ಲದ ಮಾರ್ಕರು.
ಅದನ್ನು ಹೆಕ್ಕಿ ಪೆನ್ನಿನ ಡಬ್ಬಿಗೆ ಹಾಕಿದೆ,
ಅಂಗೈಯಲ್ಲಿ ಒಮ್ಮೆ ಗೀಚಿ ನೋಡಿ.