ಬೆನ್ನ ಹಿಂದಿನ ಸೀಟು

ಅಗ್ಗದ ಟಿಕೆಟು, ವಾದ್ಯವೃಂದದ ಬೆನ್ನಿಗೆ.
ಇಲ್ಲಿಂದ ಕಾಣುವುದು ಬೋಳುತಲೆ, ತುರುಬು,
ಕರಿ ಕೋಟಿಗಂಟಿದ ಮೇ ತಿಂಗಳ ಬೆವರು,
ಮತ್ತೆ, ಹೆಚ್ಚು ದುಡ್ಡು ಕೊಟ್ಟವರಿಗೆ ಕಾಣದ್ದು:
ಕಡ್ಡಿ ಆಡಿಸುವವನ ಮುಖ.

ಒಮ್ಮೆ ಬಾ, ಕೇಳು, ಅನ್ನುತ್ತಿದ್ದರು
ಖೋರ್ಶೆದ್ ದುಬಾಶ್,
ಪ್ರತಿ ತಿಂಗಳ ಮೂರನೇ ತಾರೀಕು,
ನಾಲ್ಕನೇ ಕೌಂಟರಿನ ಜಾಲರಿಗೆ ಮೂಗು ತಾಗಿಸಿ,
ಹತ್ತೊಂಬತ್ತು ವರ್ಷ.
ನಾನು ನಿವೃತ್ತಳಾಗಿ ಬರುವಷ್ಟರಲ್ಲಿ
ಅವರ ಕಿವಿ ನಿವೃತ್ತವಾಗಿತ್ತು.
ಈಗಲೂ ಬರುತ್ತಾರೆ. ಎದುರು ಸಾಲಿನಲ್ಲಿ ಕೂತು
ಪಿಟೀಲು ಕಮಾನುಗಳು ಒಟ್ಟಿಗೆ ಏಳುವುದನ್ನು,
ಒಟ್ಟಿಗೆ ಇಳಿಯುವುದನ್ನು
ನೋಡುತ್ತಾರೆ,
ಮನೆಯ ಕಿಟಕಿಯಿಂದ ಸಮುದ್ರ ನೋಡುವವರ ಹಾಗೆ.

ಬೇಸಿಗೆಯ ಹಬ್ಬ, ಮೂರು ಸಂಜೆ.
ಮೊದಲನೆಯ ದಿನ ಮುಗಿಯಿತೆಂದುಕೊಂಡು
ಚಪ್ಪಾಳೆ ತಟ್ಟಿಬಿಟ್ಟೆ. ನಾನೊಬ್ಬಳೇ.
ಸಭೆಯೆಲ್ಲ ನನ್ನತ್ತ ತಿರುಗಿತು ಎನ್ನುವ ಹಾಗೂ ಇಲ್ಲ,
ಮೊದಲೇ ಎಲ್ಲರೂ ನನ್ನತ್ತಲೇ ಕೂತಿದ್ದರು.

ಎರಡನೆಯ ದಿನ ಕೈ ಕಟ್ಟಿಕೊಂಡೇ ಕೂತೆ.
ಶಹನಾಯಿಯ ದೂರದ ದಾಯಾದಿಯಂಥ ಒಂದು ಕರಿ ಪೀಪಿ
ಸ್ವರ ಕೊಟ್ಟಿತು, ಎಪ್ಪತ್ತು ಜನ
ತಂತಮ್ಮ ವಾದ್ಯದ ಕಿವಿ ಹಿಂಡಿದರು.
ಶ್ರುತಿ ಸೇರಿಸುವುದು. ಅಷ್ಟು ತಿಳಿಯಿತು.
ಆಮೇಲಿನದು ತಿಳಿಯದೆ ಎ.ಸಿ.ಯ ಚಳಿಗೆ
ಸೆರಗು ಹೊದ್ದು ನಿದ್ದೆಹೋದೆ.

ಮೂರನೆಯ ದಿನ ಮಧ್ಯಾಹ್ನ ತಾಲೀಮಿಗೆ
ಅರವತ್ತು ದಾಟಿದವರಿಗೆ ಬಿಟ್ಟಿ ಪ್ರವೇಶ.
ಆಗ ಕಂಡ ನನ್ನ ಮೊಣಕಾಲಿಗೆ ಹತ್ತಿರ
ಎಲ್ಲರಿಗಿಂತ ಹಿಂದೆ ಕೂತ ಹುಡುಗ,
ಕೈಪಿಡಿಯಲ್ಲಿ ಕೊನೆಯ ಹೆಸರು, ಲಾಯ್ಡ್ ಫುರ್ಟಾಡೊ.
ಅವನ ಪಾಲಿಗೆ ಒಂದು ಮುಕ್ಕೋನದ ಕಂಬಿ,
ಒಂದು ಕಡ್ಡಿ, ಇಡೀ ರಚನೆಗೆ ಒಂದೇ ಪೆಟ್ಟು.
ಉಳಿದದ್ದೆಲ್ಲ ಕಾಯುವುದು. ಕಾಯುವುದೆಂದರೆ
ತೊಡೆಯ ಮೇಲೆ ಹೆಬ್ಬೆರಳು ಬೆರಳಿಂದ ಬೆರಳಿಗೆ
ಗೆಣ್ಣು ಗೆಣ್ಣಾಗಿ ನಡೆಯುವುದು.

ಓ, ಇದು ನನಗೆ ಗೊತ್ತಿರುವ ಭಾಷೆ!
ಒದ್ದೆ ಸ್ಪಂಜು, ನೂರಕ್ಕೊಂದು ಕಟ್ಟು,
ಯಾರೋ ಮಾತಾಡಿಸಿದರೆ ಕಣ್ಣೆತ್ತದೆ
ತುಟಿಯೊಳಗೇ ಮುಂದುವರಿಯುವ ಸಂಖ್ಯೆ.
ನಾನೂ ಎಣಿಸಿದೆ. ನೂರ ಹನ್ನೆರಡು,
ಟಿಣ್.
ಅಷ್ಟು ಸಣ್ಣ ಸದ್ದಿಗೆ
ಇಡೀ ಸಭಾಂಗಣಕ್ಕೆ ದೀಪ ಹಚ್ಚಿದ ಹಾಗಾಯಿತು.

ಸಂಜೆ ಮತ್ತೆ ಎಣಿಸಿದೆ, ಅವನೂ ನಾನೂ.
ಕಹಳೆಗಳು ಎದ್ದವು, ನಗಾರಿ ಗುಡುಗಿತು,
ಯಾರೋ ಕೆಮ್ಮಿದರು, ನೂರ ಹತ್ತು, ಹನ್ನೊಂದು,
ಹನ್ನೆರಡು—
ಹದಿಮೂರು—
ಟಿಣ್.

ಯಾರಿಗೂ ಗೊತ್ತಾಗಲಿಲ್ಲ. ಕಡ್ಡಿಯವನ
ಎಡ ಹುಬ್ಬು ಮಾತ್ರ ಒಂದು ಕೂದಲಷ್ಟು ಮೇಲೇರಿ ಇಳಿಯಿತು.
ಕಂಡದ್ದು ನನಗೆ, ಹುಡುಗನಿಗೆ.
ಅವನ ಕತ್ತು ಕೆಂಪಾದದ್ದು ನನಗೊಬ್ಬಳಿಗೇ.
ತೊಂಬತ್ತನಾಲ್ಕರಲ್ಲಿ ಐನೂರು ಕಡಿಮೆ ಬಿದ್ದಾಗ
ರಾತ್ರಿ ಒಂಬತ್ತರವರೆಗೆ ಹುಡುಕಿ, ಸಿಗದೆ,
ಕೈಯಿಂದ ತುಂಬಿದ್ದೆ.
ಇಲ್ಲಿ ಲೆಕ್ಕ ಕೂಡದೆಯೂ ಎಲ್ಲರೂ
ಎದ್ದು ನಿಂತು ಚಪ್ಪಾಳೆ ತಟ್ಟಿದರು.
ದುಬಾಶ್ ಬಾಯಿ ಎಲ್ಲರಿಗಿಂತ ಜೋರಾಗಿ.

ಚರ್ಚ್‌ಗೇಟಿನಲ್ಲಿ ಹತ್ತು ನಲವತ್ತರ ಸ್ಲೋ.
ಹೆಂಗಸರ ಡಬ್ಬಿಯ ಜಾಲರಿಯಾಚೆ ಅವನೇ,
ಟೈ ಬಿಚ್ಚಿ, ಒಂದು ಕೈಯಲ್ಲಿ ವಡಾಪಾವ್,
ಇನ್ನೊಂದರ ಹೆಬ್ಬೆರಳು ಗೆಣ್ಣಿಂದ ಗೆಣ್ಣಿಗೆ.
ಮಗೂ, ಹೋಗಲಿ ಬಿಡು, ಅನ್ನಬೇಕೆನಿಸಿತು.
ಯಾವ ಭಾಷೆಯಲ್ಲಿ ಅನ್ನಲಿ,
ಮೂವತ್ತು ವರ್ಷ ಜಾಲರಿಯ ಹಿಂದಿನಿಂದ
ಟೋಕನ್ ನಂಬರು ಮಾತ್ರ ಕೂಗಿದವಳು?
ಎಲ್ಲಿಂದ ಶುರು ಮಾಡಿದ್ದನೋ ತಿಳಿಯದೆ
ಸುಮ್ಮನೆ ಅವನ ಹೆಬ್ಬೆರಳ ಜೊತೆ ಹೋದೆ,
ಪರೇಲು, ದಾದರು, ತೊಂಬತ್ತು, ತೊಂಬತ್ತೊಂದು,

ಕಣ್ಣೆತ್ತಿದಾಗ ಮಾಹಿಮ್.
ನಾನಿಳಿಯಬೇಕಿದ್ದದ್ದು ಮಾಟುಂಗ, ಒಂದು ಹಿಂದೆ.