ಮೂರನೇ ಡ್ರಾಯರ್

ರಾತ್ರಿ ಎರಡೂಕಾಲು. ಪುಂತಾ ಅರೇನಾಸ್ ಮಲಗಿದೆ.
ಜಲಸಂಧಿಯಿಂದ ಎದ್ದ ಗಾಳಿ ಮಾತ್ರ
ಕಿಟಕಿಯ ಸಂದಿಗೆ ಬಾಯಿಟ್ಟು ಸೀಟಿ ಊದುತ್ತಿದೆ.
ಆಂಬುಲೆನ್ಸ್ ಕೇಂದ್ರದ ಮೂರು ಫೋನೂ ಸುಮ್ಮನಿವೆ.
ಎರ್ನೆಸ್ತೀನಾ ಬರ್ರೀಯಾಳ ಕೈ ಸುಮ್ಮನಿಲ್ಲ.

ತಾನಾಗಿ ಹೊರಡುತ್ತದೆ ಅದು,
ಕುರುಡರು ತಮ್ಮ ಮನೆಯೊಳಗೆ ನಡೆವಂತೆ:
ಮೇಜಿನ ಅಂಚು, ತಣ್ಣನೆ ಹಿಡಿ, ಮೂರನೇ ಡ್ರಾಯರ್.
ಒಂದು ಪೊಟ್ಟಣ ಬಿಸ್ಕತ್ತು,
ಕಾಸಿ ಕಾಸಿ ಕೆಂಪಾದ ಸಿಹಿಹಾಲಿನ ಡಬ್ಬಿ,
ಅದರಲ್ಲೇ ನೆಟ್ಟಗೆ ನಿಂತ ಚಮಚ.

ಹಸಿವೇ?
ಎಂಟಕ್ಕೆ ಕುರಿಮಾಂಸದ ಸಾರು ಉಂಡಿದ್ದಾಳೆ,
ರೊಟ್ಟಿಯಿಂದ ಬಟ್ಟಲು ಒರೆಸಿ.
ಹೊಟ್ಟೆ ಎಂದೋ ನಿದ್ದೆಹೋಗಿದೆ.
ಕೇಳುತ್ತಿರುವುದು ಇನ್ಯಾರೋ,
ಹೊಟ್ಟೆಯ ಹೆಸರು ಹೇಳಿ ಸಾಲ ಎತ್ತುವವರು.

ಹನ್ನೊಂದೂವರೆಗೆ ಒಬ್ಬ ಹುಡುಗ ಕರೆದಿದ್ದ,
ದೋಣಿಕಟ್ಟೆಯಿಂದ, ಅಪ್ಪನ ಎದೆ ಒತ್ತುತ್ತ.
ಒಂದು, ಎರಡು, ಮೂರು, ನಾಲ್ಕು,
ಹನ್ನೆರಡು ನಿಮಿಷ ಅವನ ಜೊತೆ ಎಣಿಸಿದಳು.
ಗಾಡಿ ತಲುಪಿತು. ಫೋನು ಕಟ್ಟಾಯಿತು.
ಆಮೇಲೇನಾಯಿತು, ಇಲ್ಲಿ ಯಾರೂ ಹೇಳುವುದಿಲ್ಲ.
ಕೊನೆಯ ಹಾಳೆ ಹರಿದ ಕಥೆಗಳ ಕೆಲಸ ಇದು.

ಆ ಹರಿದ ಜಾಗಕ್ಕೇ ಆರು ವರ್ಷ ಬಿಸ್ಕತ್ತು ತಿನ್ನಿಸಿದಳು.
ಅದು ತುಂಬಲಿಲ್ಲ.
ಸಮವಸ್ತ್ರದ ಗುಂಡಿ ಎರಡು ಸಲ ಜಾಗ ಬದಲಿಸಿತು, ಅಷ್ಟೇ.
ಕರೆಯೇ ಬಾರದ ರಾತ್ರಿಗಳು ಇನ್ನೂ ಕೆಟ್ಟವು:
ಗಡಿಯಾರದ ಮುಳ್ಳನ್ನೂ ಅದ್ದಿ ತಿನ್ನಬೇಕು ಅನಿಸುತ್ತಿತ್ತು.

ನೀರು ಕುಡಿ ಅಂದಿದ್ದರು ಯಾರೋ. ಕುಡಿದಳು.
ನೀರು ನೀರಿನ ಹಾಗೇ ಇತ್ತು.
ಉಸಿರು ಎಣಿಸು ಅಂದರು.
ಎಣಿಕೆ ಅಂದರೆ ಅವಳಿಗೆ ಈಗ ಆ ಹುಡುಗನ ಎರಡು ಕೈ.

"ಓಸ್ವಾಲ್ದೋ, ಹತ್ತು ನಿಮಿಷ ನೋಡಿಕೊ,"
ಕೋಟು ತೊಟ್ಟು ಮೆಟ್ಟಿಲಿಳಿದಳು.
ಬೀದಿಯ ಮೂಲೆಯಲ್ಲಿ ನಗರಸಭೆ ಕಟ್ಟಿದ ಹಗ್ಗ,
ಗಾಳಿಯ ದಿನ ಜನ ಹಾರಿಹೋಗದಿರಲೆಂದು.
ಅದನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು.
ಒರಟು ನಾರು, ಒದ್ದೆ, ಉಪ್ಪು ವಾಸನೆ.
ಗಾಳಿ ಹಿಂದಿನಿಂದ ನೂಕಿತು, ಕೋಟಿನೊಳಗೆ ನುಗ್ಗಿ ಉಬ್ಬಿಸಿತು,
ಬಾಯಿ ತೆರೆದರೆ ಹಲ್ಲು ಜುಮ್ಮೆಂದಿತು.
ಕೂಗಿದಳು. ಏನೆಂದು ಅವಳಿಗೇ ಕೇಳಿಸಲಿಲ್ಲ.
ದೂರದಲ್ಲೊಂದು ನಾಯಿ ಬೊಗಳಿ ಒಪ್ಪಿಕೊಂಡಿತು.

ಇದೇನೂ ಗೆಲುವಲ್ಲ.
ಕಳೆದ ಗುರುವಾರ ಹಗ್ಗದಿಂದ ಮರಳಿ ಬಂದವಳೇ
ಡಬ್ಬಿಯ ತಳ ಕೆರೆದಿದ್ದಳು.
ಇವತ್ತು ಅಂಗೈಯಲ್ಲಿ ನಾರಿನ ಗೆರೆ ಉರಿಯುತ್ತಿದೆ,
ಡ್ರಾಯರಿನ ಹಿಡಿಗೆ ಅದು ತಾಗಿ
ಒಂದು ಗಳಿಗೆ ತಡೆಯಿತು.

ಆ ಗಳಿಗೆಯಲ್ಲೇ ಫೋನು.
ಕ್ಲೋರಿಂದಾ ಅಜ್ಜಿ, ಬೆಟ್ಟದ ಮೇಲಿನ ಹಸಿರು ತಗಡಿನ ಮನೆ.
ಕಾಯಿಲೆಯಿಲ್ಲ, ಕಸಾಲೆಯಿಲ್ಲ,
ನಿದ್ದೆ ಬರದ್ದಕ್ಕೆ ವಾರಕ್ಕೆರಡು ಸಲ ಕರೆಯುತ್ತಾಳೆ.
ಲೈನು ಖಾಲಿ ಬಿಡಿ ಎನ್ನಬೇಕು, ನಿಯಮ ಹಾಗಿದೆ.
ಉಳಿದೆರಡು ದೀಪ ಆರಿರುವುದನ್ನು ನೋಡಿ
ಎರ್ನೆಸ್ತೀನಾ ಕುರ್ಚಿಗೆ ಒರಗುತ್ತಾಳೆ.

"ಊಟ ಆಯ್ತೇನೇ ಮಗಳೇ?"
"ಆಯ್ತಜ್ಜಿ," ಎನ್ನುತ್ತಾಳೆ,
"ಎಂಟು ಗಂಟೆಗೇ ಆಯ್ತು."