ಅರ್ಥು

ಎಡಗಡೆಯ ಸಿಗ್ನಲ್ ಹಾಕಿದರೆ
ಪೆಟ್ರೋಲಿನ ಮುಳ್ಳು ಕೂತಲ್ಲೇ ತಾಳ ಹಾಕುತ್ತದೆ.
ಬ್ರೇಕ್ ತುಳಿದರೆ ಡ್ಯಾಶ್‌ಬೋರ್ಡಿನ ಎರಡೂ ಬಾಣಗಳು
ಅರೆನಿದ್ದೆಯಲ್ಲಿ ಕಣ್ಣು ಬಿಡುತ್ತವೆ.
ಹೆಡ್‌ಲೈಟ್ ಒತ್ತಿದರೆ ಪೆಟ್ರೋಲು ಏರುತ್ತದೆ.
"ಅದೊಂದು ಲಾಭ" ಅಂದರು
ಹಮ್ಮಣ್ಣ ಮಾಸ್ತರು, ಕೀಲಿಕೈ ನನ್ನ ಅಂಗೈಗೆ ಹಾಕುತ್ತ.

ಎಂಬತ್ತೇಳರ ಪದ್ಮಿನಿ. ಬೆಣ್ಣೆ ಬಣ್ಣ.
ಅಂಕೋಲೆಯಿಂದ ಕೋಡಿಬಾಗದ ನನ್ನ ಅಂಗಡಿಯವರೆಗೆ
ತಿರುವಿಗೆಲ್ಲ ಕೈ ಹೊರಗೆ ಚಾಚಿಯೇ ಬಂದಿದ್ದಾರೆ;
ಎಂಟು ವರ್ಷದಿಂದ ಹೀಗೇ.
ಬಲಗೈ ಎಡಗೈಗಿಂತ ಎರಡು ಬಣ್ಣ ಕಪ್ಪು.

ಕುಮಟೆಯವ ಫ್ಲ್ಯಾಶರ್ ಬದಲಿಸಿದ್ದ.
ಹುಬ್ಬಳ್ಳಿಯವ ಫ್ಯೂಸಿನ ಡಬ್ಬಿಯನ್ನೇ ಬದಲಿಸಿದ್ದ.
ಮತ್ತೊಬ್ಬ, ಇಡೀ ವೈರಿಂಗ್ ಕಿತ್ತು ಹಾಕಬೇಕು,
ಹನ್ನೊಂದು ಸಾವಿರ, ಅಂದಿದ್ದನಂತೆ.

ನಾನು ಅರ್ಧ ಗಂಟೆ ಏನನ್ನೂ ಬಿಚ್ಚಲಿಲ್ಲ.
ಕೂತು ಒಂದೊಂದೇ ಒತ್ತಿದೆ,
ಯಾವುದಕ್ಕೆ ಯಾವುದು ಓಗೊಡುತ್ತದೆ ಎಂದು
ಬೀಡಿ ಕಟ್ಟಿನ ಕಾಗದದ ಮೇಲೆ ಬರೆದುಕೊಂಡೆ.
ಇದು ಇನಾಸ ಬಾಪ್ಪಾ ಕಲಿಸಿದ್ದು:
ಒಂದು ಕೆಟ್ಟರೆ ಅದರ ಮನೆಗೆ ಹೋಗು,
ನಾಲ್ಕು ಒಟ್ಟಿಗೆ ಕೆಟ್ಟರೆ
ನಾಲ್ಕೂ ಮನೆಯವರು ನಡೆಯುವ ಓಣಿಗೆ ಹೋಗು.

"ಅರ್ಥ ಸರಿ ಇಲ್ಲ, ಮಾಸ್ತರೇ" ಅಂದೆ.
ಮೂವತ್ತಮೂರು ವರ್ಷ ಕನ್ನಡ ಕಲಿಸಿದವರು
ಕನ್ನಡಕ ತೆಗೆದು ನನ್ನನ್ನೇ ನೋಡಿದರು.
"ಶಬ್ದ ಸರಿ ಇದೆಯೋ?"
"ಹಾರ್ನ್ ಸರಿ ಇದೆ."

ಆಮೇಲೆ ಬಿಡಿಸಿ ಹೇಳಬೇಕಾಯಿತು.
ಬ್ಯಾಟರಿಯಿಂದ ಹೊರಟದ್ದು ಕೆಲಸ ಮುಗಿಸಿ
ಬಾಡಿಯ ತಗಡು ಹಿಡಿದು ಬ್ಯಾಟರಿಗೇ ಮರಳಬೇಕು.
ಆ ದಾರಿಗೆ ಬೇಲಿ ಬಿದ್ದರೆ
ಕರೆಂಟು ಪಕ್ಕದವರ ಅಂಗಳ ಹಾಯುತ್ತದೆ,
ಹಾಯುವಾಗ ಅವರ ದೀಪ ಒಂಚೂರು ಹೊತ್ತುತ್ತದೆ.
ಕಳ್ಳನಲ್ಲ. ಮನೆಗೆ ಹೋಗುವವ.

ತಲೆ ಪೆಡಲಿನ ಹತ್ತಿರ, ಕಾಲು ಸೀಟಿನ ಬೆನ್ನ ಮೇಲೆ,
ಬಾಯಲ್ಲಿ ಟಾರ್ಚು, ಎದೆಯ ಮೇಲೆ
ಅಡ್ಡಗೆರೆಯ ಹಾಗೆ ಸ್ಟಿಯರಿಂಗಿನ ಕಂಬ.
ಮೊಹ್ಸಿನ್ ಹೊರಗಿನಿಂದ ಮೀಟರ್ ಓದಿದ: "ನಾಲ್ಕು ವೋಲ್ಟ್, ಉಸ್ತಾದ್."
ಸೊನ್ನೆ ಇರಬೇಕಾದಲ್ಲಿ ನಾಲ್ಕು.
ಬೆರಳಲ್ಲೇ ಹುಡುಕಿದೆ. ಕಪ್ಪು ವೈರು, ಅದರ ತುದಿಗೆ ಕಣ್ಣು,
ಕಣ್ಣಿಗೊಂದು ಸ್ಕ್ರೂ, ಸ್ಕ್ರೂವಿನ ಸುತ್ತ ಕಿಲುಬು,
ಹುಣಸೆ ಕಾಣದ ತಾಮ್ರದ ಹಂಡೆಯ ಹಸಿರು.
ಕಾಳಿ ಕಡಲಿಗೆ ಬೀಳುವ ಊರಲ್ಲಿ
ಗಾಳಿಗೆ ಕಿಟಕಿ ಹಾಕಬಹುದು, ಉಪ್ಪಿಗೆ ಆಗುವುದಿಲ್ಲ.

ಆದರೆ ಉಪ್ಪೊಂದರದೇ ತಪ್ಪಲ್ಲ.
ಕಿಲುಬು ಕೆರೆದರೆ ಕೆಳಗೆ ತಗಡಿಲ್ಲ,
ಬೆಣ್ಣೆ ಬಣ್ಣ.
"ರಿಟೈರಾದ ವರ್ಷ ಹೊಸದಾಗಿ ಬಣ್ಣ ಹೊಡೆಸಿದ್ದೆ" ಅಂದರು,
ಯಾರದೋ ದೂರು ಒಪ್ಪಿಕೊಳ್ಳುವವರ ದನಿಯಲ್ಲಿ.
ಪೇಂಟರ್ ಪಾಪ, ಚೊಕ್ಕ ಕೆಲಸದವ.
ಸ್ಕ್ರೂ ಕಳಚಿ, ಮೂಲೆಮೂಲೆಗೂ ಬಣ್ಣ ಹೊಡೆದು
ಬಣ್ಣದ ಮೇಲೇ ಮತ್ತೆ ಬಿಗಿದಿದ್ದ.

ಮರಳುಕಾಗದ ಎರಡು ಇಂಚು.
ತಗಡು ಹೊಳೆಯುವವರೆಗೆ ತಿಕ್ಕಿ,
ಹಲ್ಲಿನ ವಾಷರ್ ಇಟ್ಟು, ಬಿಗಿದು, ವ್ಯಾಸಲೀನ್ ಬಳಿದು
ಕೀಲಿ ತಿರುಗಿಸಿದೆ.
ಎಡ ಅಂದರೆ ಎಡ. ಬ್ರೇಕ್ ಅಂದರೆ ಬ್ರೇಕ್ ಮಾತ್ರ.
ಬಾಣ ಟಿಕ್ಕು ಟಿಕ್ಕು ಅಂದಿತು,
ಮಾಸ್ತರು ಮಗ್ಗಿ ಒಪ್ಪಿಸಿದ ಹುಡುಗನಿಗೆಂಬಂತೆ ತಲೆದೂಗಿದರು.

ಆಗ ಪೆಟ್ರೋಲಿನ ಮುಳ್ಳು
ಯಾವ ಅವಸರವೂ ಇಲ್ಲದೆ
ಅರ್ಧದಿಂದ ಕಾಲಿಗೆ, ಕಾಲಿನಿಂದ ಕೆಂಪು ಗೆರೆಗೆ,
ಕೆಂಪಿನಿಂದಲೂ ಕೆಳಗಿಳಿದು ಕೂತಿತು.
ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು.

ನಾನು, ಮೊಹ್ಸಿನ್, ಐಸ್ ಫ್ಯಾಕ್ಟರಿಯ ಇಬ್ಬರು
ಹೆದ್ದಾರಿಯ ಅಂಚಿನಲ್ಲಿ ತಳ್ಳಿದೆವು.
ಬಂಕು ಬಲಕ್ಕೆ. ಮಾಸ್ತರು ಬಲಗಡೆಯ ಸಿಗ್ನಲ್ ಹಾಕಿದರು,
ಹಿಂದೆ ನನ್ನ ಮೊಣಕೈಯ ಹತ್ತಿರ
ಕಿತ್ತಳೆ ದೀಪ ಸ್ಪಷ್ಟವಾಗಿ ಹೊತ್ತಿ ಆರತೊಡಗಿತು.

ಕಿಟಕಿಯಿಂದ ಆ ಕಪ್ಪು ಕೈಯೂ ಹೊರಬಂತು.